ತಂತಿಯ ಬೆಲೆ, ನಾದದ ಬೆಲೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮನೆಗಳಲ್ಲಿ ಹಾಡು ಕೇಳುವ ಅಭ್ಯಾಸ ಹೊಸದಲ್ಲ. ಮುಂಜಾನೆ ಅಭಂಗ, ಸಂಜೆಗೆ ವಚನಗಾಯನ, ರಾತ್ರಿ ನಾಟ್ಯಗೀತೆ ಎಂದು ಮರಾಠಿಯೂ ಕನ್ನಡವೂ ಒಂದೇ ಪೆಟ್ಟಿಗೆಯಿಂದ ಹೊಮ್ಮುವುದನ್ನು ಕೇಳುತ್ತಲೇ ಇಲ್ಲಿಯ ತಲೆಮಾರುಗಳು ಬೆಳೆದಿವೆ. ರೇಡಿಯೊ, ಟೇಪ್‌ರೆಕಾರ್ಡರುಗಳ ಕಾಲದಲ್ಲಿ ಆ ಪೆಟ್ಟಿಗೆ ಒಂದೇ ಆಗಿತ್ತು. ಇಂದು ಒಳ್ಳೆಯ ನಾದವನ್ನು ಬಯಸುವ ಮನೆಯಲ್ಲಿ ಅದು ಹಲವು ಭಾಗಗಳಾಗಿ ಬೇರ್ಪಟ್ಟಿದೆ. ಹಾಡನ್ನು ಅಂಕಿಗಳ ರೂಪದಲ್ಲಿ ಓದಿ ಕೊಡುವ ಸಿ.ಡಿ. ಪ್ಲೇಯರ್, ಟಿ.ವಿ. ಅಥವಾ ಕಂಪ್ಯೂಟರ್ ಒಂದು. ಆ ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿ ಪರಿವರ್ತಿಸುವ ಡ್ಯಾಕ್ ಎಂಬ ಉಪಕರಣ ಇನ್ನೊಂದು. ಆಂಪ್ಲಿಫೈಯರ್ ಮತ್ತು ಸ್ಪೀಕರುಗಳು ಮತ್ತೊಂದು. ಮೊದಲನೆಯದನ್ನು ಎರಡನೆಯದಕ್ಕೆ ಜೋಡಿಸಲು ಡಿಜಿಟಲ್ ಕೇಬಲ್ ಬೇಕು. ಒಂದೇ ಉದ್ದದ, ಒಂದೇ ಕೆಲಸದ ಈ ಕೇಬಲ್ಲು ಪೇಟೆಯಲ್ಲಿ ಕೆಲವು ನೂರು ರೂಪಾಯಿಗೂ ದೊರೆಯುತ್ತದೆ, ಹತ್ತಾರು ಸಾವಿರ ರೂಪಾಯಿಗೂ ದೊರೆಯುತ್ತದೆ. ಈ ಎರಡು ಬೆಲೆಗಳ ನಡುವಿನ ಅಂತರದಲ್ಲಿ ಕೊಳ್ಳುವವನ ಕೈಗೆ ಬರುವುದೇನು?

ನಿಗದಿಯಾದ ತಾಂತ್ರಿಕ ಮಾನಕ್ಕೆ ಹೊಂದಿದ್ದು, ಸಡಿಲವಿಲ್ಲದೆ ಕೂಡಿಕೊಳ್ಳುವಂತಿದ್ದರೆ ಡಿಜಿಟಲ್ ಕೇಬಲ್ಲಿನ ಕರ್ತವ್ಯ ಅಲ್ಲಿಗೆ ಪೂರ್ಣವಾಯಿತು. ಅದಕ್ಕಿಂತ ಹೆಚ್ಚಾಗಿ ತೆತ್ತ ಹಣ ನಾದಕ್ಕೆ ಸಲ್ಲುವುದಿಲ್ಲ ಎಂಬುದು ಈ ಲೇಖನದ ನಿಲುವು. ಕನ್ನಡವನ್ನು ಐಚ್ಛಿಕವಾಗಿ ಓದುವವರಿಗೆ ಈ ವಿಷಯವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಕಾರಣಗಳು ಎರಡು. ದುಬಾರಿ ಕೇಬಲ್ಲು ಮಾರಾಟವಾಗುವುದು ಅಳತೆಯಿಂದಲ್ಲ, ವಿಶೇಷಣಗಳಿಂದ. ‘ಬೆಚ್ಚನೆಯ ದನಿ’, ‘ತಿಳಿಯಾದ ತಾರಸ್ಥಾಯಿ’, ‘ಉಸಿರಾಡುವ ನಾದ’ ಎಂಬ ಮಾತುಗಳನ್ನು ತೂಗಿ ನೋಡುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವೇ ಆಗಿದೆ. ಎರಡನೆಯದಾಗಿ, ಡಿಜಿಟಲ್ ಕೇಬಲ್ಲು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯಲು ಬೇಕಾದ ಮೂಲಕಲ್ಪನೆ ಗ್ರಂಥಸಂಪಾದನೆಯ ಪಾಠದಲ್ಲಿ ಆ ವಿದ್ಯಾರ್ಥಿಗೆ ಆಗಲೇ ದೊರೆತಿದೆ.

ಮೊದಲು, ದುಬಾರಿ ಕೇಬಲ್ಲಿನ ಮಾತು ಇಷ್ಟು ಸುಲಭವಾಗಿ ನಂಬಿಕೆಯಾಗುವುದೇಕೆ ಎಂಬುದನ್ನು ನೋಡಬೇಕು. ಅದರ ಹಿಂದೆ ನಿಜವಾದ ಅನುಭವವೊಂದಿದೆ. ಜತ್ತ ತಾಲೂಕು ಸೇರಿರುವ ಸಾಂಗಲಿ ಜಿಲ್ಲೆಯಲ್ಲೇ ಮಿರಜ ಇದೆ. ಅಲ್ಲಿಯ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಊರಿನ ಕುಶಲಕರ್ಮಿ ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಗೆ, ನೂಲಿನ ಒಂದು ಎಳೆಯನ್ನು ಸಿಕ್ಕಿಸಿ ಕೂದಲೆಳೆಯಷ್ಟು ಸರಿಸಿದರೆ ಮಂಕಾಗಿದ್ದ ನಾದ ಒಮ್ಮೆಲೇ ಅರಳುತ್ತದೆ, ಜವಾರಿ ತೆರೆಯುತ್ತದೆ. ಕಾಸಿನ ಬೆಲೆಯ ನೂಲು ಸಾವಿರಾರು ರೂಪಾಯಿಯ ವಾದ್ಯದ ದನಿಯನ್ನು ಬದಲಿಸುವುದನ್ನು ಕಂಡವರಿಗೆ, ಎಳೆ ಬದಲಾದರೆ ನಾದ ಬದಲಾಗುತ್ತದೆ ಎಂಬ ಮಾತು ಅಸಂಭವವೆನಿಸುವುದಿಲ್ಲ. ಆದರೆ ಅಲ್ಲಿ ನೂಲು ನಡುಗುವ ತಂತಿಯನ್ನೇ ಮುಟ್ಟಿರುತ್ತದೆ. ಕಂಪನವೇ ನಾದ, ಕಂಪನವನ್ನು ಮುಟ್ಟಿದ್ದು ನಾದವನ್ನು ಮುಟ್ಟಿತು. ಡಿಜಿಟಲ್ ಕೇಬಲ್ಲಿನಲ್ಲಿ ಹರಿಯುವುದು ಕಂಪನವಲ್ಲ, ಅದರ ಲೆಕ್ಕ. ಈ ಭೇದವನ್ನು ಮರೆತಲ್ಲಿ ತಪ್ಪು ಹುಟ್ಟುತ್ತದೆ.

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ನಾದವನ್ನು ಕ್ಷಣಕ್ಷಣಕ್ಕೆ ಅಳೆದು ಅಂಕಿಗಳಾಗಿ ಬರೆದಿಡಲಾಗುತ್ತದೆ. ಒಂದು ಸೆಕೆಂಡಿನಲ್ಲಿ 44,100 ಸಲ, ಎಡ ಬಲ ಎರಡೂ ಕಡೆಯ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನು ಸೊನ್ನೆ ಮತ್ತು ಒಂದುಗಳ 16 ಸ್ಥಾನಗಳಲ್ಲಿ ದಾಖಲಿಸಲಾಗುತ್ತದೆ. ಕೇಬಲ್ಲು ಸಾಗಿಸುವುದು ಈ ಸೊನ್ನೆ ಒಂದುಗಳನ್ನು. ಚಿತ್ರವನ್ನು ನಕಲು ಮಾಡುವುದಕ್ಕೂ ಪದ್ಯವನ್ನು ಪ್ರತಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ನೆನೆಯಬೇಕು. ಚಿತ್ರದ ನಕಲಿನಲ್ಲಿ ಬಣ್ಣ ಒಂದಿಷ್ಟು ಮಾಸಿದರೂ ಚಿತ್ರ ಅಷ್ಟು ಕೆಟ್ಟಿತು. ಪದ್ಯದ ಪ್ರತಿಯಲ್ಲಿ ಹಾಗಲ್ಲ. ತಾಳೆಗರಿ ಹಳದಿಯಾಗಲಿ, ಕಂದಾಗಲಿ, ಲಿಪಿಕಾರನ ಅಕ್ಷರ ದುಂಡಾಗಿರಲಿ, ಸೊಟ್ಟಗಿರಲಿ, ಅದು ಯಾವ ಅಕ್ಷರವೆಂದು ತಪ್ಪಿಲ್ಲದೆ ಗುರುತಿಸಲು ಬಂದರೆ ಪದ್ಯ ಪೂರ್ತಿಯಾಗಿ ಉಳಿದಂತೆಯೇ. ಬಂಗಾರದ ಶಾಯಿಯಲ್ಲಿ ಬರೆದ ಮಾತ್ರಕ್ಕೆ ಪದ್ಯದಲ್ಲಿ ಹೊಸ ಧ್ವನ್ಯರ್ಥ ಹುಟ್ಟುವುದಿಲ್ಲ. ಆಕಳು ಕಪ್ಪಾದರೆ ಹಾಲು ಕಪ್ಪೇ ಎಂದು ಹಿರಿಯರು ಕೇಳಿದ್ದು ಇಂಥದನ್ನೇ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ ಮುಂದಿನ ಹೆಜ್ಜೆಯೂ ಪರಿಚಿತವೇ. ಲಿಪಿಕಾರನ ತಪ್ಪನ್ನು ಹಿಡಿಯಲು ಸಂಪಾದಕನಿಗೆ ಛಂದಸ್ಸು ನೆರವಾಗುತ್ತದೆ. ಕಂದಪದ್ಯದ ಪಾದಗಳಲ್ಲಿ 12, 20, 12, 20 ಮಾತ್ರೆಗಳಿರಬೇಕು. ನಾಲ್ಕೂ ಪಾದಗಳ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಬೇಕು. ಮಾತ್ರೆ ತಪ್ಪಿದರೆ, ಪ್ರಾಸ ಕೆಟ್ಟರೆ, ಅಲ್ಲೊಂದು ಪಾಠದೋಷವಿದೆಯೆಂದು ತಿಳಿಯುತ್ತದೆ. ಮನೆಯ ಹೈಫೈ ವ್ಯವಸ್ಥೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಪಿಡಿಐಎಫ್ ಎಂಬ ಡಿಜಿಟಲ್ ಪದ್ಧತಿಯಲ್ಲಿಯೂ ಇಂಥ ಕಟ್ಟುಪಾಡುಂಟು. ಎಡಗಡೆಯ ಅಳತೆಗೆ 32 ಸ್ಥಾನ, ಬಲಗಡೆಯದಕ್ಕೆ 32 ಸ್ಥಾನ, ಒಟ್ಟು 64 ಸ್ಥಾನಗಳ ಒಂದು ಚೌಕಟ್ಟು. ಕಂದಪದ್ಯದ ಎರಡು ಅರ್ಧಗಳಲ್ಲಿಯೂ 32ರಂತೆ ಒಟ್ಟು 64 ಮಾತ್ರೆಗಳೇ ಇರುವುದು ಕಾಕತಾಳೀಯ. ನೆನಪಿಟ್ಟುಕೊಳ್ಳಲು ಮಾತ್ರ ಅನುಕೂಲ. ಪ್ರತಿ 32 ಸ್ಥಾನಗಳ ಕೊನೆಯದು ಕಾವಲಿಗೆ ಮೀಸಲು. ಆರಂಭದ ಗುರುತಿನ ನಾಲ್ಕನ್ನು ಬಿಟ್ಟು ಉಳಿದ ಸ್ಥಾನಗಳಲ್ಲಿ ಬರುವ ಒಂದುಗಳ ಸಂಖ್ಯೆ ಸಮಸಂಖ್ಯೆಯಾಗುವಂತೆ ಅದನ್ನು ತುಂಬಲಾಗುತ್ತದೆ. ಬೆಸಸಂಖ್ಯೆ ಕಂಡರೆ ದಾರಿಯಲ್ಲಿ ತಪ್ಪಾಗಿದೆಯೆಂದು ಡ್ಯಾಕ್ ಅರಿಯುತ್ತದೆ. ಪ್ರಾಸದಂತೆ ಈ ಕಾವಲೂ ತಪ್ಪನ್ನು ತೋರಿಸಬಲ್ಲದು, ತಿದ್ದಲಾರದು. ಒಂದೇ ಚೌಕಟ್ಟಿನ ಅರ್ಧದಲ್ಲಿ ಎರಡು ತಪ್ಪುಗಳು ಒಟ್ಟಿಗೆ ಆದರೆ ಅವು ಕಣ್ತಪ್ಪಿಯೂ ಹೋಗಬಹುದು. ಸಿ.ಡಿ.ಯ ವೇಗದಲ್ಲಿ ಇಂಥ ಚೌಕಟ್ಟುಗಳು ಸೆಕೆಂಡಿಗೆ 44,100, ಅಂದರೆ 28,22,400 ಸ್ಥಾನಗಳು ಹರಿಯುತ್ತವೆ. ಕೇಳಲು ದೊಡ್ಡ ಸಂಖ್ಯೆ. ಒಂದೆರಡು ಮೀಟರಿನ ಸಾಧಾರಣ ತಾಮ್ರದ ತಂತಿಗೆ ಇದು ಭಾರವಲ್ಲ.

ಇನ್ನು ತಪ್ಪಾದರೆ ಏನಾಗುತ್ತದೆ? ಕೆಟ್ಟ ಕೇಬಲ್ಲಿನಲ್ಲಿ, ಸಡಿಲ ಜೋಡಣೆಯಲ್ಲಿ ಚಟಪಟ ಸದ್ದು ಕೇಳುತ್ತದೆ, ನಡುನಡುವೆ ಹಾಡು ಕಡಿಯುತ್ತದೆ, ಇಲ್ಲವೇ ಪೂರ್ತಿ ನಿಲ್ಲುತ್ತದೆ. ಈ ದೋಷಗಳು ಸ್ಪಷ್ಟ. ಯಾರ ಕಿವಿಗೂ ತಿಳಿಯುವಂಥವು. ಆದರೆ ‘ಮಂದ್ರಸ್ಥಾಯಿ ತುಂಬಿಕೊಂಡಿತು’, ‘ಗಾಯಕನ ದನಿ ಮುಂದೆ ಬಂತು’ ಎಂಬ ಬಗೆಯ ಬದಲಾವಣೆ ಈ ದಾರಿಯಿಂದ ಬರುವಂತಿಲ್ಲ. ಮಂದ್ರವನ್ನು ಹೆಚ್ಚಿಸಬೇಕಾದರೆ ಸೆಕೆಂಡಿಗೆ ಸಾವಿರಾರು ಅಂಕಿಗಳನ್ನು ಲೆಕ್ಕ ಹಾಕಿ, ಕ್ರಮಬದ್ಧವಾಗಿ, ಒಂದಕ್ಕೊಂದು ಹೊಂದುವಂತೆ ಬದಲಿಸಬೇಕು. ತಂತಿಗೆ ಆ ಲೆಕ್ಕ ಬರುವುದಿಲ್ಲ. ನಿದ್ದೆಗಣ್ಣಿನ ಲಿಪಿಕಾರ ಅಕ್ಷರ ಬಿಡಬಹುದು, ಸಾಲು ಹಾರಿಸಬಹುದು. ಪಂಪನ ಪದ್ಯವನ್ನು ಪ್ರತಿ ಮಾಡುತ್ತ ತನಗರಿವಿಲ್ಲದೆ ಅದನ್ನು ರನ್ನನ ಶೈಲಿಗೆ ತಿರುಗಿಸಿಬಿಟ್ಟನೆಂದು ಯಾವ ಸಂಪಾದಕನೂ ನಂಬುವುದಿಲ್ಲ. ಕೇಬಲ್ಲಿನ ಮೇಲೆ ಹೊರಿಸಲಾಗುತ್ತಿರುವ ಪವಾಡ ಇದೇ ಜಾತಿಯದು.

ಎದುರುಪಕ್ಷದವರಲ್ಲಿ ವಿಚಾರವಂತರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಬಾರದು. ಅಂಕಿಗಳು ಸರಿಯಾಗಿದ್ದರೆ ಸಾಲದು, ಸರಿಯಾದ ಕಾಲಕ್ಕೆ ಬರಬೇಕು ಎಂದು ಅವರು ಹೇಳುತ್ತಾರೆ. ಅದು ಸತ್ಯ. ಅಕ್ಷರವೆಲ್ಲ ಶುದ್ಧವಾಗಿದ್ದರೂ ತಾಳ ತಪ್ಪಿ ಹಾಡಿದರೆ ಪದ ಕೆಡುತ್ತದೆ. ಅಂಕಿಗಳ ಕಾಲದಲ್ಲಿ ಬರುವ ಈ ಅತಿ ಸೂಕ್ಷ್ಮ ಅಸ್ಥಿರತೆಗೆ ಜಿಟರ್ ಎಂದು ಹೆಸರು. ಎಸ್‌ಪಿಡಿಐಎಫ್ ಪದ್ಧತಿಯಲ್ಲಿ ಅಂಕಿಗಳ ಜೊತೆಗೇ ಕಾಲದ ಗತಿಯೂ ಹರಿದುಬರುವುದರಿಂದ, ಹೊಂದದ ಕೇಬಲ್ಲು ಜಿಟರನ್ನು ಹೆಚ್ಚಿಸಬಲ್ಲದು. ಆದರೆ ಇದಕ್ಕೆ ಪರಿಹಾರ ಬಂಗಾರದ ಲೇಪದಲ್ಲಿಲ್ಲ. ಒಳ್ಳೆಯ ಡ್ಯಾಕ್ ಬಂದ ಅಂಕಿಗಳ ಕಾಲವನ್ನು ಸ್ಥಿರಗೊಳಿಸಿಯೇ ನುಡಿಸುತ್ತದೆ. ಅಸಿಂಕ್ರೊನಸ್ ಯುಎಸ್‌ಬಿ ಬಗೆಯ ಜೋಡಣೆಯಲ್ಲಂತೂ ಕಾಲದ ಒಡೆತನ ಡ್ಯಾಕಿನ ಸ್ವಂತ ಗಡಿಯಾರದ್ದು. ಅದು ಕೇಳಿದಾಗ ಕೇಳಿದಷ್ಟು ಅಂಕಿಗಳನ್ನು ಕಂಪ್ಯೂಟರು ಒದಗಿಸುತ್ತದೆ. ಅಲ್ಲಿ ಕೇಬಲ್ಲಿಗೆ ತಾಳ ಹಿಡಿಯುವ ಅಧಿಕಾರವೇ ಇಲ್ಲ. ಜಿಟರಿನ ಭಯವಿರುವವನು ಹಣವನ್ನು ಡ್ಯಾಕಿನ ಮೇಲೆ ವಿನಿಯೋಗಿಸುವುದು ಯುಕ್ತ.

‘ಶಾಸ್ತ್ರ ಏನೇ ಹೇಳಲಿ, ವ್ಯತ್ಯಾಸ ಕಿವಿಗೆ ಕೇಳಿಸಿತು’ ಎಂಬುದು ಇನ್ನೊಂದು ವಾದ. ಕೈಯ ಕಂಕಣಕ್ಕೆ ಕನ್ನಡಿ ಬೇಕೇ ಎಂಬ ಗಾದೆ ಕನ್ನಡದಲ್ಲಿಯೂ ಉಂಟು, ಮರಾಠಿಯಲ್ಲಿಯೂ ಉಂಟು. ಕಂಕಣದ ಮಟ್ಟಿಗೆ ಅದು ಸರಿ. ಕೇಳುವ ವಿಷಯದಲ್ಲಿ ಮಾತ್ರ ಕಿವಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಕಣ್ಣು ಕಂಡ ಪೆಟ್ಟಿಗೆ, ಕೈ ತೆತ್ತ ಹಣ, ಮನಸ್ಸು ಹೊತ್ತ ನಿರೀಕ್ಷೆ ಎಲ್ಲವೂ ಅದರೊಡನೆ ಕೂಡುತ್ತವೆ. ಆದ್ದರಿಂದಲೇ ಯಾವುದು ಯಾವುದೆಂದು ತಿಳಿಸದೆ ಕೇಳಿಸುವ ಪರೀಕ್ಷೆ ಅಗತ್ಯ. ಇ. ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಎಂಬವರು 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇಂಥದೊಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಅದು ಕೇಬಲ್ಲನ್ನು ಕುರಿತದ್ದಲ್ಲ, ಸಿ.ಡಿ.ಗಿಂತ ಹೆಚ್ಚಿನ ಸೂಕ್ಷ್ಮತೆಯ ಮುದ್ರಣಗಳನ್ನು ಕುರಿತದ್ದು. ಆ ಮುದ್ರಣಗಳನ್ನು ಇದ್ದಂತೆಯೇ ಒಮ್ಮೆ, ಸಿ.ಡಿ.ಯ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದಾಗ 554 ಸಲದ ಪ್ರಯೋಗದಲ್ಲಿ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಅಂಕಿಗಳೇ ಬೇರೆಯಾದಾಗ ಗುರುತಿಸಲು ಇಷ್ಟು ಕಷ್ಟವಾದರೆ, ಅಂಕಿಗಳು ಒಂದೇ ಆಗಿದ್ದು ತಂತಿ ಮಾತ್ರ ಬೇರೆಯಾದಾಗಿನ ಮಾತೇನು?

ಇದೇ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ಕೇಳುವವನು ಬೆನ್ನು ತಿರುಗಿಸಿ ಕುಳಿತಿರಲಿ. ಮತ್ತೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಅಗ್ಗದ ಅಥವಾ ದುಬಾರಿ ಕೇಬಲ್ಲನ್ನು ಜೋಡಿಸಿ, ಒಂದೇ ಹಾಡನ್ನು ಒಂದೇ ಗಟ್ಟಿತನದಲ್ಲಿ 16 ಸಲ ಕೇಳಿಸಲಿ. ಬರಿಯ ಊಹೆಯಿಂದ 12 ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಹನ್ನೆರಡನ್ನು ಮುಟ್ಟಿದವನು ಮಾತಾಡಲಿ. ಮುಟ್ಟದವನು ಹಣ ಉಳಿಸಲಿ.

ಹಾಗಾದರೆ ಆಯ್ಕೆ ಹೇಗೆ? ಡ್ಯಾಕಿನ ಹಿಂಬದಿಯಲ್ಲಿ ಯಾವ ರಂಧ್ರಗಳಿವೆ ಎಂಬುದನ್ನು ಮೊದಲು ನೋಡಬೇಕು. ಕೋಆಕ್ಸಿಯಲ್ ಜೋಡಣೆಗೆ ಬೇಕಾದದ್ದು 75 ಓಮ್ ಪ್ರತಿಬಾಧೆಯ ಕೇಬಲ್ಲು. ಹಳೆಯ ಟಿ.ವಿ., ವಿ.ಸಿ.ಆರ್.ಗಳ ಚಿತ್ರಕ್ಕೆ ಬಳಸುತ್ತಿದ್ದ ಹಳದಿ ತುದಿಯ ತಂತಿಗೂ ಇದೇ ಮಾನ. ಅದು ಸುಸ್ಥಿತಿಯಲ್ಲಿದ್ದರೆ ಮನೆಯ ಹಳೆಯ ಪೆಟ್ಟಿಗೆಯಿಂದ ತೆಗೆದು ಬಳಸಿದರೂ ಕೆಲಸ ಸಾಗುತ್ತದೆ. ಕೆಂಪು ಬಿಳಿ ತುದಿಗಳ ಸಾಮಾನ್ಯ ಆಡಿಯೊ ತಂತಿ ನೋಡಲು ಹಾಗೆಯೇ ಇದ್ದರೂ ಈ ಮಾನಕ್ಕೆ ಹೊಂದಿರಲೇಬೇಕೆಂದಿಲ್ಲ.

ಟಿ.ವಿ.ಯಿಂದ ಜೋಡಿಸುವವರಿಗೆ ಆಪ್ಟಿಕಲ್ ಕೇಬಲ್ಲು ಹೆಚ್ಚು ಅನುಕೂಲ. ತೊಷಿಬಾ ಸಂಸ್ಥೆ 1983ರಲ್ಲಿ ತಂದ ಟಾಸ್‌ಲಿಂಕ್ ಎಂಬ ಈ ಬಗೆಯಲ್ಲಿ ವಿದ್ಯುತ್ತಿನ ಬದಲು ಕೆಂಪು ಬೆಳಕು ಹರಿಯುತ್ತದೆ. ಇದರ ನಿಜವಾದ ಲಾಭ ಬೇರೆಯೇ ಇದೆ. ಡಿಷ್ ಅಥವಾ ಕೇಬಲ್ ಟಿ.ವಿ.ಯ ತಂತಿ ಹೊರಗಿನಿಂದ ಒಂದು ಭೂಸಂಪರ್ಕವನ್ನು ತಂದಿರುತ್ತದೆ, ಆಂಪ್ಲಿಫೈಯರಿನದು ಮತ್ತೊಂದು. ಎರಡನ್ನೂ ತಾಮ್ರದಿಂದ ಬೆಸೆದರೆ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ನಿಲ್ಲದೆ ಕೇಳಬಹುದು. ಬೆಳಕಿನ ಎಳೆಯಲ್ಲಿ ವಿದ್ಯುತ್ತು ಹರಿಯದ್ದರಿಂದ ಆ ಸದ್ದು ದಾಟಿ ಬರಲಾರದು. ಇಲ್ಲಿ ಕೇಬಲ್ಲಿನ ಆಯ್ಕೆ ನಾದವನ್ನು ನಿಜವಾಗಿಯೂ ಬದಲಿಸಿತು. ಬದಲಿಸಿದ್ದು ಕೇಬಲ್ಲಿನ ಜಾತಿ, ಬೆಲೆಯಲ್ಲ. ಈ ಎಳೆಯನ್ನು ಮಡಚಬಾರದು, ತುದಿಗಳ ಪುಟ್ಟ ಟೊಪ್ಪಿಗೆಗಳನ್ನು ತೆಗೆಯಲು ಮರೆಯಬಾರದು, ಉದ್ದವನ್ನು ಐದು ಮೀಟರಿನೊಳಗೆ ಇಟ್ಟುಕೊಂಡರೆ ಕ್ಷೇಮ.

ಯುಎಸ್‌ಬಿ ಕೇಬಲ್ಲಿಗೂ ಐದು ಮೀಟರು ಮೇರೆ. ಅಲ್ಲಿ ಆಡಿಯೊ ಅಂಕಿ ದಾರಿಯಲ್ಲಿ ಕೆಟ್ಟರೆ ಮತ್ತೆ ಕಳಿಸುವ ಏರ್ಪಾಡು ಇಲ್ಲವಾದ್ದರಿಂದ ಗಟ್ಟಿಯಾಗಿ ಕೂಡುವ, ಗಿಡ್ಡನೆಯ ಕೇಬಲ್ಲೇ ಲೇಸು. ಸಿನಿಮಾದ ಬಹುದಿಕ್ಕಿನ ಧ್ವನಿ ಬೇಕಾದವರಿಗೆ ಎಚ್‌ಡಿಎಂಐ ಬೇಕು. ಸಂಕೋಚಿಸದ ಬಹುವಾಹಿನಿ ಧ್ವನಿಯನ್ನು ಎಸ್‌ಪಿಡಿಐಎಫ್ ಹೊರಲಾರದು. ಎಚ್‌ಡಿಎಂಐ ಕೇಬಲ್ಲು ಚಿತ್ರದ ಭಾರವನ್ನೂ ಹೊರುವುದರಿಂದ ಅದರಲ್ಲಿ ಗುಣಮಟ್ಟಕ್ಕೆ ಅರ್ಥವಿದೆ. ಆದರೆ ಆ ಗುಣಮಟ್ಟವನ್ನು ತಿಳಿಸುವುದು ಪೆಟ್ಟಿಗೆಯ ಮೇಲಿನ ಪ್ರಮಾಣೀಕರಣದ ಚೀಟಿ, ಬೆಲೆಯ ಚೀಟಿಯಲ್ಲ. ಅಂತರ್ಜಾಲದಿಂದ ಹರಿದು ಬರುವ ಹಾಡಿನ ವಿಷಯದಲ್ಲಂತೂ ವಾದವೇ ಉಳಿಯುವುದಿಲ್ಲ. ನೂರಾರು ಮೈಲಿ ಸಾಧಾರಣ ತಂತಿಗಳಲ್ಲಿ ಹರಿದು, ಕೆಟ್ಟ ತುಣುಕುಗಳನ್ನು ಮತ್ತೆ ತರಿಸಿಕೊಂಡು ಮನೆಗೆ ಬಂದ ಹಾಡನ್ನು ಕೊನೆಯ ಒಂದು ಮೀಟರಿನ ಬೆಳ್ಳಿಯ ತಂತಿ ಪಾವನಗೊಳಿಸುವುದು ಹೇಗೆ?

ಎಲ್ಲ ತಂತಿಗಳೂ ಒಂದೇ ಎಂದು ಇದರ ಅರ್ಥವಲ್ಲ. ಡ್ಯಾಕ್ ದಾಟಿದ ಮೇಲೆ ಅಂಕಿ ಅಲೆಯಾಗುತ್ತದೆ. ಅಲ್ಲಿಂದ ಮುಂದೆ ಮಿರಜದ ನೂಲಿನ ನ್ಯಾಯ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆ. ದೂರದ ಸ್ಪೀಕರಿಗೆ ತೀರ ತೆಳುವಾದ ತಂತಿ ಎಳೆದರೆ ಶಕ್ತಿ ತಂತಿಯಲ್ಲಿಯೇ ಸೋರುತ್ತದೆ. ಅಲ್ಲಿಯೂ ಬೇಕಾದದ್ದು ಸಾಕಷ್ಟು ದಪ್ಪದ ತಾಮ್ರವೇ ಹೊರತು ವಿಶೇಷಣಗಳಲ್ಲ.

ಕೇಬಲ್ಲಿನಲ್ಲಿ ಉಳಿದ ಹಣಕ್ಕೆ ತಕ್ಕ ಸ್ಥಾನಗಳಿವೆ. ಮೊದಲನೆಯದು ಸ್ಪೀಕರು, ಇಡೀ ವ್ಯವಸ್ಥೆಯಲ್ಲಿ ನಾದವನ್ನು ಅತ್ಯಂತ ಹೆಚ್ಚು ಬದಲಿಸುವ ಭಾಗ ಅದೇ. ಎರಡನೆಯದು ಕೋಣೆ. ಶಹಾಬಾದಿ ಕಲ್ಲಿನ ನೆಲ, ಬರಿ ಗೋಡೆಗಳ ಕೋಣೆಯಲ್ಲಿ ನಾದ ಗೋಡೆಯಿಂದ ಗೋಡೆಗೆ ಪುಟಿದು ಕಲಸಿಹೋಗುತ್ತದೆ. ನೆಲಕ್ಕೆ ದಪ್ಪ ಜಮಖಾನೆ, ಗೋಡೆಗೆ ಅಜ್ಜಿ ಹೊಲಿದ ಕೌದಿ, ಮೂಲೆಗೆ ತುಂಬಿದ ಪುಸ್ತಕದ ಕಪಾಟು, ಇವಿಷ್ಟರಿಂದ ಆಗುವ ಬದಲಾವಣೆಯನ್ನು ಕಣ್ಣು ಮುಚ್ಚಿ ಕೇಳಿದವರೂ ಗುರುತಿಸಬಲ್ಲರು. ಮೂರನೆಯದು ಮುದ್ರಣಗಳು. ಮಿರಜದ ನೀಲಕಂಠಬುವಾ ಆಲೂರಮಠರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನ, ಒಂದೇ ಕಂಠದಲ್ಲಿ ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಹೊತ್ತ ಭೀಮಸೇನ ಜೋಶಿಯವರ ಹಾಡುಗಳು ಈ ಗಡಿಸೀಮೆಯ ಸೊತ್ತು. ಹತ್ತಾರು ಸಾವಿರದ ಒಂದು ಮೀಟರು ತಂತಿಯ ಬದಲು ಇಂಥ ಮುದ್ರಣಗಳ ಒಂದು ಕಪಾಟನ್ನೇ ಕಟ್ಟಬಹುದು. ಮುದ್ರಣವಾಗುವಾಗ ಹಿಡಿಯದ ಸ್ವರವನ್ನು ಯಾವ ಕೇಬಲ್ಲೂ ಆಮೇಲೆ ಸೇರಿಸಲಾರದು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಹಳೆಯ ತಟ್ಟೆಗಳಲ್ಲಿ ಸೂಜಿಯ ಸರಸರ ಸದ್ದಿನ ನಡುವೆಯೂ ಕೇಳುಗ ಕರಗುವುದು ಗಾಯನಕ್ಕೆ.

ಕೊಂಡವನು ಹಣ ಕಳೆದುಕೊಂಡರೆ ಅದು ಅವನೊಬ್ಬನ ನಷ್ಟ. ‘ಬೆಚ್ಚನೆಯ’, ‘ತಿಳಿಯಾದ’, ‘ಜೀವಂತ’ ಎಂಬ ಪದಗಳು ಯಾವ ಹೊಣೆಯನ್ನೂ ಹೊರದೆ ಪೆಟ್ಟಿಗೆಯ ಮೇಲೆ ಅಚ್ಚಾದರೆ ನಷ್ಟ ಭಾಷೆಯದು. ಈ ಪದಗಳು ಮನಸೂರರ ಕಂಠಕ್ಕೆ, ಜವಾರಿ ತೆರೆದ ತಂಬೂರಿಗೆ ಬೇಕು. ತಂತಿಗೆ ವೆಚ್ಚ ಮಾಡಿದರೆ ಅಲ್ಲಿ ಬೇಕಾದಾಗ ಸವೆದಿರುತ್ತವೆ. ವಿಶೇಷಣವೊಂದು ಎದುರಾದಾಗ ಅದರ ವಿಶೇಷ್ಯವೆಲ್ಲಿ ಎಂದು ಕೇಳುವ ರೂಢಿ ವ್ಯಾಕರಣದ ತರಗತಿಯಲ್ಲಿ ಬೆಳೆದಿರುತ್ತದೆ. ಅದನ್ನು ತರಗತಿಯಲ್ಲೇ ಬಿಟ್ಟುಬರಬೇಕಾಗಿಲ್ಲ. ಅಂಗಡಿಯ ಕಟ್ಟೆಯ ಮುಂದೆ ನಿಂತಾಗಲೂ ಅದು ಕೆಲಸಕ್ಕೆ ಬರುತ್ತದೆ: ಇದು ಎಷ್ಟು ಓಮ್, ಎಷ್ಟು ಮೀಟರು, ಸರಿಯಾಗಿ ಕೂಡುತ್ತದೆಯೇ? ಮೂರಕ್ಕೂ ಉತ್ತರ ದೊರೆತರೆ ಅಲ್ಲಿರುವುದರಲ್ಲಿ ಅಗ್ಗದ್ದನ್ನೇ ನಿಶ್ಚಿಂತೆಯಿಂದ ಕೊಳ್ಳಬಹುದು.